ಅಪ್ಪ ಉಳಿಸಿಕೊಟ್ಟ ದವಡೆ ಹಲ್ಲು

ನನ್ನ ಬಲಗಡೆಯ ದವಡೆ ಹಲ್ಲಿನಲ್ಲಿ ಚೂರು ಬೆಳ್ಳಿ ಇದೆ. ಹುಳುಕು ಬಿದ್ದ ಕುಳಿಗೆ ನಾನು ಚಿಕ್ಕವಳಿದ್ದಾಗ ಡಾಕ್ಟರು ತುಂಬಿದ ಬೆಳ್ಳಿ ಸಿಮೆಂಟು ಅದು. ಹೋದ ತಿಂಗಳು ನನ್ನ ಮಗಳು ಫೋನಿನಲ್ಲಿ ಏನೋ ಓದಿಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

“ಅಮ್ಮ, ಅದ್ರಲ್ಲಿ ಅರ್ಧಕ್ಕರ್ಧ ಪಾದರಸ ಅಂತೆ. ಅಗಿಯೋವಾಗೆಲ್ಲ ಆವಿ ಬಿಡ್ತದಂತೆ. ತೆಗೆಸ್ಬುಟ್ಟು ಬಿಳೀ ಸಿಮೆಂಟು ಹಾಕಿಸ್ಕೊ.”

ನನಗೆ ರೇಗಿತು. “ಇಷ್ಟ್ ವರ್ಸ ಆಗ್ದಿದ್ದು ಈಗಾಗ್ಬುಡ್ತದಾ?” ಅಂದೆ. ಅಂದೆನೇ ಹೊರತು ಅವತ್ತಿನಿಂದ ಊಟಕ್ಕೆ ಕೂತರೆ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಹೆದರಿಕೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ತೆಗೆಸುವ ಮಾತು ಅದಕ್ಕಿಂತ ಸಂಕಟ ತಂದಿತ್ತು. ಅದು ಅಪ್ಪ ಹಾಕಿಸಿಕೊಟ್ಟದ್ದು.

ನಾನು ಹುಟ್ಟಿ ಬೆಳೆದದ್ದು ಸಿಂಧಘಟ್ಟ ಎಂಬ ಹಳ್ಳಿಯಲ್ಲಿ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿದವರನ್ನು ಕೂತಲ್ಲೇ ಆಡಿಕೊಳ್ಳುತ್ತೇವೆ. ಎರಡು ಹೊತ್ತೂ ಮುದ್ದೆ ನುಂಗುವ ಹುಡುಗಿಯ ಹಲ್ಲು ಹುಳುಕಾದರೆ ಯಾರಿಗೆ ಗೊತ್ತಾಗಬೇಕು? ನೋವು ಬಂದಾಗ ಲವಂಗ ಕಚ್ಚಿಕೊಂಡು ಸುಮ್ಮನಿದ್ದೆ. ಗುಟ್ಟು ರಟ್ಟು ಮಾಡಿದ್ದು ಕಬ್ಬು. ಗದ್ದೆಯ ಬದುವಿನಲ್ಲಿ ನಾನು ಜಗಿದು ಉಗಿದ ಹಿಪ್ಪೆಯನ್ನು ಅಪ್ಪ ಕೈಗೆತ್ತಿಕೊಂಡು ಹಿಂಡಿದ. ರಸ ತೊಟ್ಟಿಕ್ಕಿತು.

“ಇದ್ಯಾಕವ್ವ, ರಸನೆಲ್ಲ ಇಲ್ಲೇ ಬುಟ್ಟಿದ್ದೀಯ? ಬಾಯ್ ತಗಿ ನೋಡಾನ.”

ನೋಡಿದವರೆಲ್ಲ ಕೀಳಿಸಿಬಿಡು ಅಂದರು. ಅಪ್ಪನ ಅರ್ಧ ಹಲ್ಲುಗಳು ಅಷ್ಟರಲ್ಲಾಗಲೇ ಒಂದೊಂದಾಗಿ ಹಾಗೇ ಹೋಗಿದ್ದವು. ಅವನ ಕಾಲಕ್ಕೆ ಹಲ್ಲುನೋವಿಗೆ ಇದ್ದದ್ದು ಅದೊಂದೇ ಮದ್ದು. “ಕೀಳಿಸ್ಬುಟ್ರೆ ನನ್ ಮಗ್ಳು ಕಬ್ಬು ಎಂಗ್ ತಿಂದಾಳು?” ಅಂದು ನನ್ನನ್ನು ಬಸ್ಸು ಹತ್ತಿಸಿದ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಶ್ರೀರಂಗಪಟ್ಟಣಕ್ಕೆ ಬಂದೆವು. ಅಲ್ಲೊಬ್ಬ ವಯಸ್ಸಾದ ಡಾಕ್ಟರು ಪುಟ್ಟ ಒರಳಿನಲ್ಲಿ ಬೆಳ್ಳಿಯ ಪುಡಿಗೆ ಪಾದರಸ ಹಾಕಿ ಅರೆದು, ಬಟ್ಟೆಯಲ್ಲಿಟ್ಟು ಹಿಂಡಿದರು. ಹೊರಗೆ ಉದುರಿದ ಪಾದರಸದ ಒಂದು ಗುಂಡನ್ನು ಅಪ್ಪ ಅಂಗೈಯಲ್ಲಿ ಹಿಡಿದು, ಅಳುತ್ತಿದ್ದ ನನ್ನ ಕಣ್ಣ ಮುಂದೆ ಅತ್ತಿತ್ತ ಆಡಿಸಿದ. ಅದನ್ನೇ ನೋಡುತ್ತಾ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಹಲ್ಲು ತುಂಬಿದ್ದೇ ಗೊತ್ತಾಗಲಿಲ್ಲ.

ಈಗ ನಾನಿರುವುದು ಅದೇ ಶ್ರೀರಂಗಪಟ್ಟಣದಲ್ಲಿ. ಮಗಳ ಕಾಟ ತಾಳಲಾರದೆ ಅವಳೊಂದಿಗೆ ಇಲ್ಲಿನ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಚಿಕ್ಕ ವಯಸ್ಸಿನವರು. ಕನ್ನಡಿ ಇಟ್ಟು ನೋಡಿದರು.

“ಗಟ್ಟಿಯಾಗಿದೆ ಅಮ್ಮ. ಆವಿ ಬರೋದು ನಿಜ, ಆದ್ರೆ ತೀರಾ ಕಮ್ಮಿ. ಈಗ ಕೊರೆದು ತೆಗೆಯೋಕೆ ಹೋದ್ರೆ ಜಾಸ್ತಿ ಬರುತ್ತೆ. ಮಕ್ಕಳಿಗೆ, ಬಸುರಿಯರಿಗೆ ನಾನು ಇದನ್ನ ಹಾಕಲ್ಲ. ನಿಮ್ಮದು ಇದ್ದ ಹಾಗೇ ಇರ್ಲಿ.”

“ಬಿಳೀದು ಒಳ್ಳೇದಲ್ವಾ?” ಮಗಳು ಪಟ್ಟು ಬಿಡಲಿಲ್ಲ.

“ಅದೂ ಹೊಸದ್ರಲ್ಲಿ ಒಂಚೂರು ರಾಸಾಯನಿಕ ಬಿಡುತ್ತೆ. ಅದಕ್ಕೇ ಮೇಲೆಲ್ಲ ಒರೆಸಿ, ಬಾಯಿ ಮುಕ್ಕಳಿಸಿ ಉಗಿಸ್ತೀವಿ. ಏನೂ ಬಿಡದೇ ಇರೋದು ನನಗಂತೂ ಗೊತ್ತಿಲ್ಲ.”

ನನ್ನ ಎದೆ ಹಗುರಾಯಿತು. ಆ ಖುಷಿಯಲ್ಲಿ ಅಪ್ಪನ ಅಂಗೈಯ ಗುಂಡಿನ ಕತೆ ಹೇಳಿದೆ. ಡಾಕ್ಟರಮ್ಮನ ಮುಖ ಸಪ್ಪಗಾಯಿತು. “ಅದು ಮಾತ್ರ ಮಾಡಬಾರದಿತ್ತು. ಪಾಪ, ಅವರಿಗೆ ಗೊತ್ತಿರಲಿಲ್ಲ.”

ಗೊತ್ತಿರಲಿಲ್ಲ. ಗೊತ್ತಿದ್ದರೂ ನನ್ನ ಅಳು ನಿಲ್ಲಿಸಲು ಹಿಡಿದೇ ಹಿಡಿಯುತ್ತಿದ್ದ, ಅಂಥ ಮನುಷ್ಯ.

ಕೊನೆಯ ವರ್ಷಗಳಲ್ಲಿ ಅಪ್ಪನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ರಸ ಹಿಂಡಿಸಿ ತರುತ್ತೇನೆ ಅಂದರೆ ಬೇಡ ಅನ್ನುತ್ತಿದ್ದ. ಕಬ್ಬಿನ ತುಂಡು ನನ್ನ ಕೈಗೇ ಕೊಟ್ಟು, “ನೀನ್ ತಿನ್ನವ್ವ, ನಾನ್ ನೋಡ್ತೀನಿ” ಅನ್ನುತ್ತಿದ್ದ.

ಮನೆಗೆ ಬರುವ ದಾರಿಯಲ್ಲಿ ಒಂದು ಜಲ್ಲೆ ಕಬ್ಬು ಕೊಂಡೆ. ಜಗಲಿಯ ಮೇಲೆ ಕೂತು ಬಲಗಡೆಯ ದವಡೆಯಲ್ಲೇ ಜಗಿದೆ. ಉಗಿದ ಹಿಪ್ಪೆಯನ್ನು ಎತ್ತಿಕೊಂಡು ಹಿಂಡಿ ನೋಡಿದೆ. ಒಂದು ತೊಟ್ಟೂ ಬರಲಿಲ್ಲ. ತೋರಿಸೋಣ ಅಂದರೆ ಅಪ್ಪ ಇಲ್ಲ.