ಕರೆ ಹೇಳುವ ಮಾಸ್ತಿ

ಭಾವಿಕೇರಿಯಲ್ಲಿ ತನ್ನ ಜಾತಿಯ ಯಾರದೇ ಮದುವೆಯಿರಲಿ, ಮನೆಮನೆಗೆ ಕರೆ ಹೇಳುವವನು ಮಾಸ್ತಿ. ಎಲ್ಲರ ಕಿಸೆಗೆ ಮೊಬೈಲು ಬಂದರೂ ಮಾಸ್ತಿ ಅಂಗಳಕ್ಕೆ ಬಂದು ಬಾಯಿಬಿಡದೆ ಊರಿನ ನಾಯಿಯೂ ಚಪ್ಪರದತ್ತ ಸುಳಿಯುವುದಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು, ಕೊಟ್ಟ ಬೆಲ್ಲ ಕಡಿದು ನೀರು ಕುಡಿದು, “ಮನೆಮಂದಿಯೆಲ್ಲ ಬನ್ನಿ, ಒಲೆಗೆ ಬೆಂಕಿ ಹಾಕೂದು ಬ್ಯಾಡ” ಎಂದರೆ ಕರೆ ಮುಟ್ಟಿದಂತೆ. ಅವನು ದಾಟಿ ಹೋದ ಮನೆ ಜಾತಿಯಿಂದ ಹೊರಗೆ. ಹೆಂಡತಿಯ ಹಲ್ಲು ಉದುರಿಸಿದವನಿಗೆ ಕರೆಯುಂಟು, ಬೇರೆ ಜಾತಿಯವನ ಕೈ ಹಿಡಿದವಳಿಗಿಲ್ಲ. ಇದ್ಯಾವ ನ್ಯಾಯವೋ ಎಂದರೆ, “ನಾನೇನ್ ಮಾಡ್ಲಿ ಮಾರಾಯ, ಹಿರೇರು ಹೇಳ್ದಂಗೆ” ಎನ್ನುತ್ತಾನೆ. ಆ ಹಿರಿಯರ ಬಾಯಿಗೆ ಮಣ್ಣು ಬೀಳಲಿ. ಕೈಗಾ ಅಣುಸ್ಥಾವರದ ಕೆಲಸಕ್ಕೆ ಬಸ್ಸು ಹತ್ತುವ ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡ ದೀಕ್ಷಾಳ ಮನೆ ಬಂತೆಂದರೆ ಮಾಸ್ತಿಯ ಕಾಲು ಚುರುಕಾಗುತ್ತದೆ. ದೀಕ್ಷಾ ಅವನದೇ ಮಗಳು. ಅವನು ಕರೆಗೆ ಹೊರಟ ಸುದ್ದಿ ಸಿಕ್ಕರೆ ಸಾಕು, ಅವಳು ಜಗಲಿಯಲ್ಲಿ ಬೆಲ್ಲ, ಚೊಂಬು ನೀರು ಇಟ್ಟು ಕಾಯುತ್ತಾಳೆ. ಅವನು ದಾಟಿದ ಮೇಲೆ ಆ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲುತ್ತಾಳೆ. ಮೊನ್ನೆ ಅವನ ಸ್ವಂತ ಮಗ ರೂಪೇಶನ ಮದುವೆಯ ಕರೆ. “ಅಪ್ಪಾ, ತಮ್ಮನ ಮದ್ವೆಗಾದ್ರೂ ಒಂದ್ ಮಾತು ಹೇಳು” ಎಂದಳು ದೀಕ್ಷಾ. ಮಾಸ್ತಿ ನಿಂತ. ಹಿರಿಯರ ಮನೆಯತ್ತ ಒಮ್ಮೆ ನೋಡಿದ, ಕವಳ ಉಗಿದ, ಬಾಯಿ ತೆರೆದ. ಅಷ್ಟರಲ್ಲಿ ದೀಕ್ಷಾಳ ಪುಟ್ಟ ಮಗಳು ಎರಡೂ ಕೈಯಲ್ಲಿ ಚೊಂಬು ಹಿಡಿದು ಇಳಿದು ಬಂದು, ಯಾರೂ ಹೇಳದೆಯೇ, ನೀರನ್ನು ದಾಸವಾಳದ ಬುಡಕ್ಕೆ ಸುರಿದಳು.