ಕೊನೆಯ ಮೆಟ್ಟಿಲ ಕೆಳಗಿನ ನೀರು

ಹೊಸಪೇಟೆಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ. ಈಗ ಹಳೆಯ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಲು ಆಗೊಬ್ಬರು ಈಗೊಬ್ಬರು ಬರುತ್ತಾರೆ, ಕೆಲಸವಾದದ್ದೇ ಹೊರಡುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಮಾತಿಗೆ ಯಾರೂ ಇಲ್ಲ.

ಕಂಪ್ಯೂಟರ್ ಕೊಂಡಾಗ ಮೊದಲು ಅದಕ್ಕೆ ಹತ್ತಿಸಿದ್ದು ಅವಳದೇ ದನಿ. ರೊಟ್ಟಿ ಬಡಿಯುತ್ತ ಬೀಸುವ ಪದ ಹಾಡುತ್ತಿದ್ದಾಗ ಕದ್ದು ಟೇಪಿನಲ್ಲಿ ರೆಕಾರ್ಡ್ ಮಾಡಿದ್ದೆ. ಪದ ಮುಗಿಸಿ ಅವಳು ಮೆಲ್ಲಗೆ, "ಉಣ್ಣಾಕ ಬರ್ತೀರೇನ್ರಿ?" ಅಂದಿದ್ದಳು. ರೆಕಾರ್ಡಿಂಗ್ ಕೆಟ್ಟೀತೆಂದು ನಾನು ತುಟಿ ಬಿಚ್ಚಲಿಲ್ಲ.

ಅವಳ ತವರು ಮಲಪನಗುಡಿ. ಅಲ್ಲಿನ ಹಳೆ ಬಾವಿಯ ನೀರನ್ನು ಅವಳು ಮೆಟ್ಟಿಲಿನ ಲೆಕ್ಕದಲ್ಲೇ ಹೇಳುತ್ತಿದ್ದಳು: "ಇವತ್ತು ಏಳನೇ ಮೆಟ್ಟಿಲಿಗೈತ್ರಿ." ನೀರು ಎರಡು ಮೆಟ್ಟಿಲ ನಡುವೆ ನಿಂತಿದ್ದರೂ ಅಷ್ಟೇ. ಕಂಪ್ಯೂಟರೂ ಹಾಗೆಯೇ. ಸೆಕೆಂಡಿಗೆ ಸಾವಿರಾರು ಸಲ ಇಣುಕಿ, ಸದ್ದು ಯಾವ ಮೆಟ್ಟಿಲ ಹತ್ತಿರವಿದೆಯೋ ಅದರ ಅಂಕಿ ಬರೆದುಕೊಳ್ಳುತ್ತದೆ. ಎಷ್ಟು ಮೆಟ್ಟಿಲು ಅನ್ನುವುದು ಬಿಟ್ಟಿನ ಲೆಕ್ಕ: ಎಂಟು ಬಿಟ್ಟಿಗೆ ಇನ್ನೂರ ಐವತ್ತಾರು ಮೆಟ್ಟಿಲು, ಹದಿನಾರಕ್ಕೆ ಅರವತ್ತೈದು ಸಾವಿರದ ಮೇಲೆ. ಟೇಪಿಗೆ ಮೆಟ್ಟಿಲೇ ಇಲ್ಲ, ನೀರು ಎಲ್ಲಿದ್ದರೆ ಅಲ್ಲಿ.

ಡಿಸ್ಕಿನಲ್ಲಿ ಜಾಗ ಉಳಿಯಲೆಂದು ಎಂಟು ಬಿಟ್ ಇಟ್ಟೆ. ರೊಟ್ಟಿ ಬಡಿತಕ್ಕೆ ದನಿ ಒಡೆಯಬಾರದೆಂದು ಸದ್ದಿನ ಮಟ್ಟವನ್ನೂ ಇಳಿಸಿದೆ. ಹಾಡಿನ ಮೊದಲೆರಡು ಸಾಲು ಕೇಳಿ, ಸರಿಯಿದೆ ಅಂತ, ಟೇಪನ್ನು ಅಳಿಸಿ ಬೇರೆ ಗಿರಾಕಿಗೆ ಭಜನೆ ತುಂಬಿಕೊಟ್ಟೆ. ನಮ್ಮ ಕಸುಬಿನ ಚಾಳಿಯೇ ಅದು, ಕೆಲಸ ಮುಗಿದ ಟೇಪ್ ಸುಮ್ಮನೆ ಬಿದ್ದಿರಬಾರದು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಅವಳು ಹೋದ ಮೇಲೆ ಪೂರ್ತಿ ಕೇಳಿದೆ. ಹಾಡಿದೆ, ಬಡಿತವಿದೆ, ಕೊನೆಯ ಆ ಮಾತಿಲ್ಲ. ಅದಿರಬೇಕಾದಲ್ಲಿ ಪರದೆಯ ಮೇಲೆ ಒಂದು ನೆಟ್ಟನೆಯ ಗೆರೆ. ಅವಳ ದನಿ ತಳದ ಕೊನೆಯ ಮೆಟ್ಟಿಲಿಗೂ ಏರಿರಲಿಲ್ಲ, ಯಂತ್ರ ಬಾವಿ ಒಣಗಿದೆಯೆಂದು ಬರೆದುಕೊಂಡಿತ್ತು. ಈಗ ಹದಿನಾರು ಬಿಟ್ ಮಾಡಿದರೂ ಬರೀ ಮೆಟ್ಟಿಲು ಹೆಚ್ಚುತ್ತವೆ, ನೀರು ಬರುವುದಿಲ್ಲ. ನಾನು ಅತ್ತುಬಿಟ್ಟೆ.

ಮೊನ್ನೆ ಎಮ್ಮಿಗನೂರಿನ ಹೆಂಗಸೊಬ್ಬಳು ತನ್ನಪ್ಪನ ಕ್ಯಾಸೆಟ್ ತಂದಳು. ಕೆಲಸ ಮುಗಿದಾಗ, "ಇದನ್ನ ನೀವ ಇಟ್ಕೊಳ್ರಿ, ನನಗ್ಯಾಕ?" ಅಂದಳು.

"ಬ್ಯಾಡವ್ವ, ಒಯ್ಯಿ," ಅಂದೆ. ದನಿ ಸ್ವಲ್ಪ ಜೋರಾಯಿತೇನೋ, ಆಕೆ ಗಾಬರಿಯಾಗಿ ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಅವಳ ಹಾಡು ಹಾಕುತ್ತೇನೆ. ಹಾಡು ಮುಗಿದು ಆ ನೆಟ್ಟನೆಯ ಗೆರೆ ಬರುತ್ತದೆ. ಅದು ಅರ್ಧಕ್ಕೆ ಬಂದಾಗ, "ಬಂದೆ, ಬಡಸು," ಅನ್ನುತ್ತೇನೆ. ಆಮೇಲೆ ಬುತ್ತಿ ಬಿಚ್ಚುತ್ತೇನೆ.