ಅಕ್ಕ ಮಾತು ಬಿಟ್ಟ ಹತ್ತು ತಿಂಗಳು

ಆಗ ನನಗೆ ಅರವತ್ತೆರಡು. ಇವತ್ತಿಗೆ ಹನ್ನೊಂದು ವರ್ಷವಾಯಿತು. ಬನಹಟ್ಟಿಯ ಮೊದಲ ಬೆಳಿಗ್ಗೆ ಕಣ್ಣು ಬಿಟ್ಟರೆ ಗೋಡೆ ನಡುಗುತ್ತಿತ್ತು. ಹಲಗೆಯ ಮೇಲಿನ ತಾಟು, ತಂಬಿಗೆ ಒಂದಕ್ಕೊಂದು ಬಡಿಯುತ್ತಿದ್ದವು. ಭೂಮಿ ಅದುರುತ್ತಿದೆ ಎಂದು ಹೊರಗೆ ಓಡಿದೆ. ಪಕ್ಕದ ಮನೆಯ ನೇಕಾರರ ಶಾಂತವ್ವ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಳು.

"ಯಾಕಬೇ, ಹಿಂಗ ಓಡಾಕತ್ತಿ?"

"ಮನಿ ಬೀಳಾಕತ್ತೈತಿ!"

"ಮನಿ ಬೀಳಂಗಿಲ್ಲ, ಮಗ್ಗ ಚಾಲೂ ಆಗ್ಯಾವ. ಅವು ನಿಂತ ದಿನ ಓಡಿ ಬಾ, ಅವತ್ತ ನಮ್ಮ ಹೊಟ್ಟಿ ಬೀಳತೈತಿ."

ಗೋಡೆಯ ಆಚೆ ಎಂಟು ಪವರ್‌ಲೂಮ್ ಇದ್ದವು. ಅದು ನಮಗೆ ಗೊತ್ತಿರಲಿಲ್ಲ.

ನಮ್ಮ ಊರಿನವರು ನೀವೆಲ್ಲ ಸರ್ಕಾರ ಕೊಟ್ಟ ಜಾಗಗಳಲ್ಲಿ ಚದುರಿ ಕೂತಿದ್ದೀರಿ. ಸಿಕ್ಕಾಗೆಲ್ಲ ಬನಹಟ್ಟಿ ಹೇಗಿದೆ, ಗಂಗಕ್ಕನಿಗೆ ಏನಾಯಿತು ಎಂದು ಕೇಳುತ್ತೀರಿ. ಬಾಯಿಂದ ಹೇಳಲು ನನಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ತಪ್ಪಿದ್ದಲ್ಲಿ ಶಾಂತವ್ವ ತಿದ್ದುತ್ತಾಳೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೀಳಗಿ ತಾಲೂಕಿನ ನಮ್ಮ ಊರು ಕೃಷ್ಣೆಯ ದಂಡೆಯಲ್ಲಿತ್ತು, ಅಣೆಕಟ್ಟಿನ ನೀರಿಗೆ ಹೋಯಿತು. ಮಗ ಶಿವಪ್ಪನಿಗೂ ಸೊಸೆಗೂ ಬನಹಟ್ಟಿಯ ಮಗ್ಗದಲ್ಲಿ ಕೆಲಸ ಸಿಕ್ಕಿತು. ಅವರ ಹಿಂದೆ ನಾವಿಬ್ಬರು ಮುದುಕಿಯರು ಬಂದೆವು. ಗಂಗಕ್ಕ ನನ್ನ ಸವತಿ. ಅವಳಿಗೆ ಮಕ್ಕಳಾಗಲಿಲ್ಲ ಎಂದು ನನ್ನನ್ನು ತಂದರು. ಹೆಣ್ಣು ನೋಡಲು ಬಂದವಳೂ ಅವಳೇ. ನನ್ನ ಹಲ್ಲು, ಕೂದಲು ನೋಡಿ "ಆಗ್ಲಿ" ಎಂದು ಹೋಗಿದ್ದಳು. ಗಂಡ ತೀರಿದ ಮೇಲೂ ಒಂದೇ ಒಲೆ, ಒಂದೇ ಕೌದಿ.

ಊರು ಬಿಟ್ಟ ದಿನ ಟ್ರ್ಯಾಕ್ಟರಿನಲ್ಲಿ ಬಾಗಿಲು, ತೊಲೆ, ಕಾಳಿನ ಚೀಲಗಳ ಮೇಲೆ ನಾವು ಕೂತಿದ್ದೆವು. ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುತ್ತೇವೆ. ಗಂಡನ ಸಮಾಧಿ ದಾರಿಯ ಪಕ್ಕದ ಹೊಲದಲ್ಲಿತ್ತು.

"ಗಾಡಿ ಒಂದೀಟ ನಿಲ್ಲಸಪಾ," ಎಂದಳು ಅಕ್ಕ. "ಅವರಿಗೆ ಹೇಳಿ ಬರ್ತೀನಿ."

"ನಡಿ, ನಿಲ್ಲಸಬ್ಯಾಡ," ಎಂದೆ ನಾನು. "ಸತ್ತವರಿಗೆ ಏನ ಹೇಳೂದೈತಿ? ಹೊತ್ತ ಮುಳಗಾಕತ್ತೈತಿ."

ಗಾಡಿ ನಿಲ್ಲಲಿಲ್ಲ. ಅಕ್ಕ ಆಮೇಲೆ ಮಾತಾಡಲಿಲ್ಲ.

ಇದು ನನಗೆ ಹೊಸದಲ್ಲ. ನಮ್ಮಿಬ್ಬರ ಜಗಳ ಕೂಗಾಟದ್ದಲ್ಲ, ಮಾತು ಬಿಡುವ ಜಗಳ. ಒಮ್ಮೆ ಸುಗ್ಗಿಯಿಂದ ಸುಗ್ಗಿಗೆ ಬಿಟ್ಟಿದ್ದೆವು. ಸೋತವಳು ಬಾಯಿ ತೆರೆಯಬೇಕಿರಲಿಲ್ಲ. ತುರುಬು ಬಿಚ್ಚಿ ಇನ್ನೊಬ್ಬಳ ಮುಂದೆ ಬೆನ್ನು ಹಾಕಿ ಕೂತರೆ ಸಾಕು. ಅವಳು ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಜಗಳ ಮುಗಿಯಿತು. ಈ ಸಲವೂ ಹಾಗೇ ಎಂದುಕೊಂಡೆ. ಸೋಲುವವಳು ನಾನಲ್ಲ ಎಂದೂ ಅಂದುಕೊಂಡೆ.

ನಮ್ಮ ಊರಲ್ಲಿ ಒಬ್ಬರು ಮಾತು ಬಿಟ್ಟರೆ ಊರಿಗೇ ಗೊತ್ತಾಗುತ್ತಿತ್ತು. ನೀರಿಗೆ ಹೋದಾಗ ನಾಲ್ಕು ಹೆಂಗಸರು "ಯಾಕ, ಮತ್ತ ಜಗಳ ಹತ್ತಿತೇನ?" ಎಂದು ನಗುತ್ತಿದ್ದರು. ಇಲ್ಲಿ ನೀರು ನಳದಲ್ಲಿ ಬರುತ್ತದೆ, ಅದೂ ದಿನ ಬಿಟ್ಟು ದಿನ. ಮಗ್ಗದ ಸದ್ದಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಒಬ್ಬಳು ಸುಮ್ಮನಾದದ್ದು ಯಾರ ಕಿವಿಗೂ ಬೀಳುವುದಿಲ್ಲ. ಕರೆಂಟು ಹೋದಾಗ ಮಾತ್ರ ಓಣಿ ದಡಕ್ಕನೆ ನಿಲ್ಲುತ್ತಿತ್ತು. ಆಗ ನಮ್ಮ ಮನೆ ಎಷ್ಟು ಸುಮ್ಮನಿದೆ ಎಂದು ನನಗೇ ಕೇಳಿಸುತ್ತಿತ್ತು. ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ.

ಶಾಂತವ್ವ ನನಗೆ ಕಂಡಕಿ ಸುತ್ತಲು ಕಲಿಸಿದಳು. ಕಂಡಕಿ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆ. ಮೊದಲು ನೂಲು ಪಟಪಟ ಹರಿಯುತ್ತಿತ್ತು. ತಿಂಗಳಲ್ಲಿ ಕೈ ಕೂತಿತು. ಹೊಲ ಹೋದ ಮೇಲೂ ಕೈಗೊಂದು ಕೆಲಸವಿದೆ ಎಂದು ಹಿಗ್ಗಿದೆ. ಅಕ್ಕ ಗೋಡೆಗೆ ಮುಖ ಮಾಡಿ ಕೂತೇ ಇದ್ದಳು. ಅರ್ಧ ರೊಟ್ಟಿ ತಿನ್ನುತ್ತಿದ್ದಳು, ಆಮೇಲೆ ಅದೂ ಇಲ್ಲ. ಕುಪ್ಪಸ ಜೋತಾಡುತ್ತಿತ್ತು.

"ದೊಡ್ಡವ್ವ ಭಾಳ ಸೊರಗ್ಯಾಳಬೇ," ಎಂದ ಶಿವಪ್ಪ.

"ಹಸಿವಾದರ ತಿಂತಾಳ. ನಾಟಕ ಅಕಿದು," ಎಂದೆ.

ಆರನೇ ತಿಂಗಳು ಒಂದು ಮಧ್ಯಾಹ್ನ ಅಕ್ಕ ತೆವಳಿಕೊಂಡು ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತಳು. ಕೂದಲು ಬಿಚ್ಚಿತ್ತು. ಜಡೆಗಟ್ಟಿ ವಾಸನೆ ಬರುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ, ಶಾಂತವ್ವನಿಗೂ ಈಗಲೇ ಗೊತ್ತಾಗುವುದು. ಆರು ತಿಂಗಳು ನನ್ನನ್ನು ಕಾಡಿಸಿದ್ದಾಳೆ, ಒಂದು ದಿನ ಕಾಯಲಿ ಎಂದು ಕಂಡಕಿಯ ಬುಟ್ಟಿ ಎತ್ತಿಕೊಂಡು ಶಾಂತವ್ವನ ಮನೆಗೆ ಹೋದೆ. ಸಂಜೆ ಬಂದಾಗ ಅಕ್ಕ ಅಲ್ಲೇ, ಹಾಗೇ ಕೂತಿದ್ದಳು. ಮತ್ತೆಂದೂ ಹಾಗೆ ಬಂದು ಕೂರಲಿಲ್ಲ.

ಹತ್ತನೇ ತಿಂಗಳು ಕರೆಂಟು ಹೋದ ಹೊತ್ತಿನಲ್ಲಿ ಶಾಂತವ್ವ ಒಳಗೆ ಬಂದು ಅಕ್ಕನ ಮುಖದ ಮುಂದೆ ಕೈ ಆಡಿಸಿದಳು.

"ನೀಲವ್ವಾ, ಸಿಟ್ಟಾಗ್ಯಾಳ ಅಂತಿ. ಸಿಟ್ಟಾದವರು ದುರುಗುಟ್ಟಿ ನೋಡತಾರ. ಇಕಿ ನೋಡಾಕನ ತಯಾರಿಲ್ಲ. ಇದು ಸಿಟ್ಟಲ್ಲಬೇ. ಜಮಖಂಡಿಗೆ ತಿಂಗಳಿಗೊಮ್ಮೆ ಮನಸಿನ ಡಾಕ್ಟರ್ ಬರ್ತಾರ, ತೋರಸು."

"ಹುಚ್ಚರ ಡಾಕ್ಟರೇನ? ನಮ್ಮ ಮನಿತನದಾಗ ಹುಚ್ಚರಿಲ್ಲ."

"ಇಲ್ಲದಿದ್ರ ಛಲೋನ ಆತು. ನೋಡಿ ಇಲ್ಲ ಅಂದ ಕಳಸ್ತಾರ, ಬಸ್ ಹತ್ತಬೇ."

ಜಮಖಂಡಿಯ ಡಾಕ್ಟರ್ ಹುಡುಗಿ ವಯಸ್ಸಿನವಳು. ಅಕ್ಕನ ಕೈ ಹಿಡಿದುಕೊಂಡು ನಾಡಿ ನೋಡಿದಳು, ಕಣ್ಣು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಎಷ್ಟ ದಿನಾತಮ್ಮಾ ಹಿಂಗಾಗಿ?"

"ಹತ್ತ ತಿಂಗಳರಿ."

"ಇಷ್ಟ ದಿನ ಯಾಕ ಕರಕೊಂಡ ಬರಲಿಲ್ಲ?"

"ಸಿಟ್ಟ ಅನ್ಕೊಂಡಿದ್ನಿರಿ."

ಇದಕ್ಕೆ ಖಿನ್ನತೆ ಎನ್ನುತ್ತಾರೆ ಎಂದಳು. ಬನಹಟ್ಟಿಗೆ ಬಂದು ಕಲಿತ ಮಾತುಗಳಲ್ಲಿ ಇದೂ ಒಂದು. ಮನಸ್ಸು ಒಳಗೇ ಕುಸಿಯುವುದು. ವಯಸ್ಸಾದವರಲ್ಲಿ ಅಳು ಕಾಣುವುದಿಲ್ಲವಂತೆ, ಊಟ ಬಿಡುತ್ತಾರಂತೆ, ಮಾತು ಬಿಡುತ್ತಾರಂತೆ. ಮನೆಯವರು ಮೊಂಡುತನ ಎನ್ನುತ್ತಾರಂತೆ. ಗುಳಿಗೆ ಬರೆದುಕೊಟ್ಟು ಎರಡು ಸಲ ಹೇಳಿದಳು: "ಛಲೋ ಆದ್ರೂ ನಾ ಹೇಳೂತನಕ ಗುಳಿಗಿ ಬಿಡಬ್ಯಾಡ್ರಿ."

ಮೂರು ವಾರಕ್ಕೆ ಅಕ್ಕ ಇಡೀ ರೊಟ್ಟಿ ತಿಂದಳು. ಐದನೇ ವಾರ ಒಲೆಯ ಮುಂದೆ ನನ್ನ ಹೆಸರು ಹಿಡಿದು ಕರೆದಳು.

"ನೀಲಿ."

ನಾನು ತಟ್ಟುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟೆ.

"ಅವತ್ತ ಅವರಿಗೆ ಹೇಳೂದ ಭಾಳ ಇದ್ದಿದ್ದಿಲ್ಲ. ಹೊಂಟೀವಿ ಅಂತ, ಅಷ್ಟ."

ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ರೂಢಿಯಿಲ್ಲ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿ ಮುಟಗಿ ಮಾಡಿ ಕೈಗೆ ಕೊಟ್ಟೆ. ತಿಂದಳು. ಆಮೇಲೆ ದಿನಕ್ಕೆ ನಾಲ್ಕು ಮಾತು, ಹತ್ತು ಮಾತು. ಬನಹಟ್ಟಿಯ ಮಂದಿ ಕಿವುಡರಿದ್ದಂತೆ ಕೂಗುತ್ತಾರೆ ಎಂದು ಒಂದು ದಿನ ನಕ್ಕಳು ಕೂಡ.

ಮೂರನೇ ತಿಂಗಳು ಗುಳಿಗೆ ಮುಗಿದವು. ನಾನು ಜಮಖಂಡಿಗೆ ಹೋಗಲಿಲ್ಲ. ಮಾತು ಬಿಟ್ಟದ್ದೇ ನನ್ನ ಲೆಕ್ಕದಲ್ಲಿ ರೋಗ. ಮಾತು ಬಂತು, ರೋಗ ಹೋಯಿತು. ನಮ್ಮ ಮನೆಯಲ್ಲಿ ನಲವತ್ತು ವರ್ಷ ಹಾಗೇ ನಡೆದಿತ್ತು. "ಇನ್ನ್ಯಾಕ ಗುಳಿಗಿ? ಗಿಣಿ ಮಾತಾಡಿದಂಗ ಮಾತಾಡಾಕತ್ತಾಳ," ಎಂದು ಶಿವಪ್ಪನ ಬಾಯಿ ನಾನೇ ಮುಚ್ಚಿಸಿದೆ.

ಬೇಸಿಗೆ ಹತ್ತುವಷ್ಟರಲ್ಲಿ ಅಕ್ಕ ಮತ್ತೆ ಗೋಡೆಗೆ ತಿರುಗಿದಳು. ಈ ಸಲ ನೀರನ್ನೂ ಬಿಟ್ಟಳು. ಚಮಚದಲ್ಲಿ ಹಾಕಿದರೆ ಕಟವಾಯಿಯಿಂದ ಇಳಿಯುತ್ತಿತ್ತು. ಆಸ್ಪತ್ರೆಗೆ ಸೇರಿಸಿದೆವು, ತಡವಾಗಿತ್ತು. ನಾಲ್ಕನೇ ದಿನ ಹೋದಳು. ಕೊನೆಗೆ ನನಗೆ ಏನೂ ಹೇಳಲಿಲ್ಲ. ಹೇಳಿದಳು ಎಂದು ಬರೆದರೆ ಸುಳ್ಳಾಗುತ್ತದೆ.

ಬನಹಟ್ಟಿಯ ಸಮಾಜದವರು ಪರ ಊರಿನವರೆಂದು ಬೇರೆ ಮಾಡಲಿಲ್ಲ. ಜಾಗ ಕೊಟ್ಟರು, ಅವರೇ ಕುಣಿ ತೋಡಿದರು. ನಮ್ಮ ಪದ್ಧತಿಯಂತೆ ಅಕ್ಕನನ್ನು ಕೂರಿಸಿ ಮಣ್ಣು ಕೊಟ್ಟು ಬಂದೆವು. ಸಂಜೆ ನಾನು ಗೋಡೆಗೆ ಒರಗಿ ಕೂತೆ. ಶಿವಪ್ಪ ಮೂರು ಸಲ "ಅವ್ವಾ" ಎಂದ. ಕೇಳಿಸುತ್ತಿತ್ತು. ಯಾರ ಮೇಲೂ ನನಗೆ ಸಿಟ್ಟಿರಲಿಲ್ಲ. ಬಾಯಿ ಮಾತ್ರ ಏಳಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಬೇರೆ ಸೀರೆ ಉಟ್ಟುಕೊಂಡೆ. ಶಾಂತವ್ವ ಅಡ್ಡ ಬಂದಳು.

"ನಿನ್ನಿ ಮಣ್ಣ ಕೊಟ್ಟ ಬಂದಿ, ಇವತ್ತ ಎಲ್ಲಿಗೆ ಹೊಂಟೀಬೇ?"

"ಜಮಖಂಡಿಗೆ. ಇವತ್ತ ಆ ಡಾಕ್ಟರ್ ಬರೂ ದಿನ."

"ಅಕಿನ ಇಲ್ಲಲ್ಲ ಈಗ?"

"ನಾ ಅದೀನಲ್ಲ. ನಿನ್ನಿ ಸಂಜೀ ನನ್ನ ಬಾಯೂ ಏಳಲಿಲ್ಲ."

ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಹೆಸರು ಕೇಳಿದ, ಹೇಳಿದೆ. ಊರು ಕೇಳಿದ.

"ಎರಡ ಬರಕೋಪಾ," ಎಂದೆ. "ಒಂದರಾಗ ಗಂಡ ಅದಾನ, ಒಂದರಾಗ ಅಕ್ಕ ಅದಾಳ."

"ಒಂದ ಬರಿಯಾಕ ಜಾಗಾ ಐತಿ, ಅಜ್ಜಿ."

"ಹಂಗಾರ ಬಿಡು. ಚೀಟಿ ಕೊಡು."

ಚೀಟಿ ಹಿಡಿದು ಬಾಗಿಲ ಮುಂದಿನ ಬಾಕಿನ ಮೇಲೆ ಕೂತೆ. ನನ್ನ ಮುಂದೆ ಏಳು ಮಂದಿ ಇದ್ದರು.